ಎಳೆ ಹೊಸೆಯುತ್ತಿದ್ದ ಬೆರಳುಗಳು

ಬಾಳವ್ವನನ್ನು ನಾನು ಮೊದಲು ಕಂಡದ್ದು ಬನಹಟ್ಟಿಯಲ್ಲಿ, ಮುರಗೆಪ್ಪ ಸಾವುಕಾರರ ಮಗ್ಗದ ಮನೆಯಲ್ಲಿ. ಮಗ್ಗಕ್ಕೆ ಉದ್ದಕ್ಕೆ ಹಾಸಿದ್ದ ರೇಷ್ಮೆ ಎಳೆಗಳ ಹಳೆಯ ಹಾಸು ಮುಗಿದಿತ್ತು. ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಕೂಡಿಸಬೇಕು. ಆಕೆ ಬೆರಳಿಗೆ ಬೂದಿ ಸವರಿಕೊಂಡು, ಎರಡೆಳೆ ಹಿಡಿದು, ಒಮ್ಮೆ ಹೊಸೆದು ಬಿಡುತ್ತಿದ್ದಳು. ನೋಟ ಮಾತ್ರ ಬಾಗಿಲಲ್ಲಿ ನಿಂತ ನನ್ನ ಕಡೆಗೆ.

“ಬರ್ರಿ ಮಾಸ್ತರ್ರ, ಕುಂದರ್ರಿ. ಈ ಕೆಲಸಕ್ಕ ಕಣ್ಣ ಬೇಕಾಗೂದಿಲ್ಲ, ಬೆರಳಿಗೆ ಗೊತ್ತಾಗತೈತಿ,” ಎಂದು ನಕ್ಕಳು.

ಗಂಡನಿಲ್ಲದ ಮನೆಯನ್ನು ನಡೆಸಿದ್ದು, ಮಗಳು ತ್ರಿಶಲಾಳನ್ನು ಜಮಖಂಡಿಯ ಹಾಸ್ಟೆಲಿನಲ್ಲಿಟ್ಟು ಫಾರ್ಮಸಿ ಓದಿಸುತ್ತಿದ್ದುದು ಆ ಬೆರಳುಗಳೇ.

ಬಾಳವ್ವನ ಎದೆಯ ಕ್ಯಾನ್ಸರ್ ಗಂಟನ್ನು ತೆಗೆಸಿದ ಮೇಲೂ ರೋಗ ಎಲುಬಿಗೆ ಇಳಿಯಿತು. ದೊಡ್ಡ ಊರಿನ ಡಾಕ್ಟರು ಕ್ಯಾಪೆಸಿಟಾಬಿನ್ ಎಂಬ ಗುಳಿಗೆ ಬರೆದರು.

“ಮುಂಜಾನಿ ಉಂಡ ಮ್ಯಾಲ ಮೂರು, ರಾತ್ರಿ ಉಂಡ ಮ್ಯಾಲ ಮೂರು. ತಿಳೀತಿಲ್ಲೋ?”

“ತಿಳೀತರಿ,” ಎಂದಳು ಬಾಳವ್ವ.

ಆಕೆ ತೇರದಾಳದ ಜೈನರ ಮನೆಯ ಮಗಳು. ಹೊತ್ತು ಮುಳುಗಿದ ಮೇಲೆ ಅನ್ನವಿರಲಿ, ನೀರನ್ನೂ ಮುಟ್ಟಿದವಳಲ್ಲ. ಬಸದಿಗೆ ಹೋಗಿಬಂದು ಮನೆಗೆಲಸ ಮುಗಿಸಿ ಮೊದಲ ಊಟಕ್ಕೆ ಕೂಡುವಾಗ ಮಧ್ಯಾಹ್ನವಾಗಿರುತ್ತಿತ್ತು. ಎರಡನೆಯ ಊಟ ಬಿಸಿಲಿರುವಾಗಲೇ. ರಾತ್ರಿಯ ಗುಳಿಗೆ ಹೀಗೆ ಹಗಲಿಗೆ ಬಂದು, ಮಧ್ಯಾಹ್ನಕ್ಕೆ ಸರಿದಿದ್ದ ಮುಂಜಾನೆಯದರ ಬೆನ್ನಿಗೆ ಹತ್ತಿತು. ಹತ್ತು ದಿನಗಳ ವ್ರತವಾದ ದಶಲಕ್ಷಣ ಪರ್ವ ಬಂದಾಗ ದಿನಕ್ಕೊಂದೇ ಊಟ. ಆರೂ ಗುಳಿಗೆಗಳನ್ನು ಒಟ್ಟಿಗೇ ನುಂಗಿದಳು. ಔಷಧವನ್ನೂ ತಪ್ಪಿಸಲಿಲ್ಲ, ವ್ರತವನ್ನೂ ಕೆಡಿಸಲಿಲ್ಲ ಎಂಬ ಸಮಾಧಾನ ಅವಳದು.

ಅಂಗೈಗಳು ಕೆಂಪಗಾದವು.

“ಮದರಂಗಿ ಹಚ್ಚೀಯೇನ ಬೇ ಬಾಳವ್ವಾ, ಯಾರ ಲಗ್ನಾ?” ಎಂದರು ಮುರಗೆಪ್ಪ.

“ನಿಮ್ಮದ ಎರಡನೇದ್ದರಿ ಸಾವುಕಾರ್ರ. ಹೇಳಬ್ಯಾಡ ಅಂದಾರ ನಿಮ್ಮ ಮನಿ ಅಕ್ಕಾರು.”

ಮಗ್ಗದ ಮನೆಯೆಲ್ಲ ನಕ್ಕಿತು. ಕೆಲವು ದಿನಗಳಲ್ಲಿ ತೊಗಲು ಸುಲಿಯಿತು. ಬೂದಿ ತಾಗಿದರೆ ಬೆಂಕಿ ತಾಗಿದಂತೆ. ಅವಳು ಹೊಸೆದ ಎಳೆಗಳು ಮಗ್ಗ ನಡೆದೊಡನೆ ಬಿಚ್ಚಿಕೊಂಡವು. ಈ ಸಲ ಯಾರೂ ನಗಲಿಲ್ಲ.

ಆಮೇಲೆ ಭೇದಿ ಹತ್ತಿತು. ಕತ್ತಲಾದ ಮೇಲೆ, ಹಾಸ್ಟೆಲಿನಿಂದ ಬಂದಿದ್ದ ತ್ರಿಶಲಾ ನೀರಿನ ತಂಬಿಗೆ ಹಿಡಿದು ಬೇಡಿಕೊಂಡಳು.

“ಒಂದ ಗುಟುಕ ಕುಡಿ ಯವ್ವಾ.”

“ಹೊತ್ತ ಹೊಂಡ್ಲಿ.”

ಹೊತ್ತು ಹೊರಟು ಬೆಳಗಾದಾಗ ಬಾಳವ್ವನಿಗೆ ಎಚ್ಚರವಿರಲಿಲ್ಲ.

ಆಸ್ಪತ್ರೆಯಲ್ಲಿ ಕಣ್ಣು ತೆರೆದ ಮೇಲೆ ಡಾಕ್ಟರು ಗದರಿಸಿದರು. “ರಾತ್ರಿ ಉಣ್ಣೂದಿಲ್ಲಂತ ಯಾಕ ಹೇಳಲಿಲ್ಲ? ಬೆಳಗಾದಕೂಡ್ಲೆ ಒಮ್ಮೆ, ಹೊತ್ತ ಮುಳುಗೂದರಾಗ ಒಮ್ಮೆ ತಗೊಂಡಿದ್ರ ನಡೀತಿತ್ತು. ನಿಮ್ಮ ವ್ರತಾನೂ ಉಳೀತಿತ್ತು.”

“ನೀವು ಕೇಳಲಿಲ್ಲಲ್ಲರಿ,” ಎಂದಳು ಬಾಳವ್ವ. ಡಾಕ್ಟರು ಮುಂದಿನ ಮಂಚಕ್ಕೆ ಹೋದರು.

ಗುಳಿಗೆ ಮಾಡಿದ್ದೇನೆಂದು ಮಗಳು ತಾಯಿಗೆ ತಿಳಿಯುವ ಹಾಗೆ ಹೇಳಿದಳು. ಜೀವಕೋಶ ಎರಡಾಗುವ ಮುಂಚೆ ತನ್ನ ಡಿಎನ್‌ಎ ಎಳೆಯನ್ನು ಹೊಸದಾಗಿ ಪೋಣಿಸುತ್ತದೆ. ಅದಕ್ಕೆ ಬೇಕಾದ ಮಣಿಗಳಲ್ಲಿ ಒಂದರ ವೇಷ ಹಾಕಿಕೊಂಡು ಔಷಧ ಒಳಗೆ ಸೇರುತ್ತದೆ. ನಿಜವಾದ ಮಣಿ ತಯಾರಾಗುವುದನ್ನೂ ತಡೆಯುತ್ತದೆ. ಕೋಶ ತಪ್ಪನ್ನು ಕಂಡು ಕತ್ತರಿಸಿ ತೆಗೆಯುತ್ತದೆ, ಆದರೆ ಆ ಜಾಗ ತುಂಬಲು ಸಿಗುವುದು ಮತ್ತೆ ಅದೇ ಸುಳ್ಳು ಮಣಿ. ಕತ್ತರಿಸಿ, ತುಂಬಿ, ಮತ್ತೆ ಕತ್ತರಿಸಿ ಕೊನೆಗೆ ಎಳೆಯೇ ಹರಿದು ಕೋಶ ಸಾಯುತ್ತದೆ.

“ಹಂಗಾರ ರೋಗದ್ದಷ್ಟ ಸಾಯಬೇಕಲ್ಲ?”

“ಅದಕ್ಕ ಗುರ್ತಿಲ್ಲ ಯವ್ವಾ. ಲಗೂ ಲಗೂ ಬೆಳಿಯೂವೆಲ್ಲಾ ಸಾಯ್ತಾವು. ಕರಳಿನ ಒಳಗಿನ ಪದರ, ಬಾಯಿ, ಬೆರಳಿನ ತೊಗಲ.”

“ಗುಳಿಗಿ ನಿಂದರಿಸಿದ್ರ ಬೆರಳ ತಿರಗಿ ಬರತಾವೇನ?”

“ಬರತಾವು.” ತ್ರಿಶಲಾ ತಲೆ ತಗ್ಗಿಸಿದಳು. “ರೋಗಾನೂ ಬರತೈತಿ.”

ಬಾಳವ್ವ ತನ್ನ ಕೈಗಳನ್ನು ನೋಡಿಕೊಂಡಳು. “ಗುಳಿಗಿ ತಗೋತೀನಿ. ನಿನ್ನ ಓದ ಮುಗೀಲಿ,” ಎಂದಳು.

ಗುಳಿಗೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಸುರುವಾಯಿತು, ಕೈಗೆ ಹಚ್ಚಲು ಮುಲಾಮೂ ಬಂತು. ಬದುಕಿರುವತನಕ ಅದು ತಪ್ಪದು. ಈಗ ಬೆಳಗಾಗುತ್ತಲೇ ಬಸದಿಗೆ ಹೋಗಿಬಂದು ಉಣ್ಣುತ್ತಾಳೆ, ಹೊತ್ತು ಮುಳುಗುವ ಮುನ್ನ ಉಣ್ಣುತ್ತಾಳೆ. ಗೆರೆಗಳು ಅಳಿಸಿಹೋದ ಅವಳ ಹೆಬ್ಬೆಟ್ಟನ್ನು ರೇಶನ್ ಅಂಗಡಿಯ ಯಂತ್ರ ಒಪ್ಪುವುದಿಲ್ಲ. “ಈಕಿ ಬಾಳವ್ವ ಹೌದೋ ಅಲ್ಲೋ ಯಾರಿಗ್ಗೊತ್ತ!” ಎಂದು ಸಾಲಿನಲ್ಲಿ ನಿಂತವರು ನಗುತ್ತಾರೆ.

ಮಗ್ಗದ ಮನೆಗೆ ಈಗಲೂ ಹೋಗುತ್ತಾಳೆ. ಅವಳ ಜಾಗದಲ್ಲಿ ಶಿವವ್ವ ಎಂಬ ಹೊಸಬಳು ಕೂತಿದ್ದಾಳೆ. ಬಾಳವ್ವ ಅವಳಿಗಾಗಿ ಬೂದಿಯನ್ನು ಬಟ್ಟೆಯಲ್ಲಿ ಸೋಸಿ ಬಟ್ಟಲಿಗೆ ತುಂಬಿಡುತ್ತಾಳೆ. ಮೊನ್ನೆ ಒಂದೆಳೆ ಜಾರಿತ್ತು. ಹಿಡಿಯಲು ಕೈ ಚಾಚಿದಳು.

“ಅತ್ತಿ, ಕೈ ತಗೀರಿ,” ಎಂದಳು ಶಿವವ್ವ. “ನಿಮ್ಮ ಮುಲಾಮ ಹತ್ತಿ ರೇಶ್ಮಿ ಕಲಿ ಬೀಳತೈತಿ.”

ಬಾಳವ್ವ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು. ಈಗ ಹಾಗೆಯೇ ಕೂಡುತ್ತಾಳೆ.