ಗಾಜಿಗೆ ಕೊಟ್ಟ ವಿಶ್ರಾಂತಿ

ಮೊನ್ನೆ ಪುಣೆಯ ಖರಾಡಿಯ ನಮ್ಮ ಮನೆಗೆ ಇಂಟರ್‌ನೆಟ್ ಹಾಕಲು ಬಂದವನು ಮೂಲೆಯಲ್ಲಿ ಕುಳಿತು ಕೂದಲಿನಂಥ ಗಾಜಿನ ಎಳೆಯೊಂದನ್ನು ಕತ್ತರಿಸಿದ. ತುಣುಕು ಎಲ್ಲಿ ಹಾರಿತೋ ಕಾಣಲಿಲ್ಲ. ನಾನು ನಿಮ್ಮಿಬ್ಬರನ್ನೂ ಆಚೆ ಸರಿಸಿ, ಬೆರಳಿಗೆ ಅಂಟುಪಟ್ಟಿ ಸುತ್ತಿಕೊಂಡು ನೆಲವನ್ನೆಲ್ಲ ಒತ್ತುತ್ತ ಹೋದೆ. "ಅಜ್ಜಿ, ನಿನಗ ಇದೆಲ್ಲಾ ಹೆಂಗ ಗೊತ್ತು?" ಎಂದು ನೀವು ನಕ್ಕಿರಿ. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಇಬ್ಬರು ಮೊಮ್ಮಕ್ಕಳ ಮುಂದೆಯೂ ಸೆರಗು ಸರಿಮಾಡಿಕೊಳ್ಳುತ್ತ ಮಾತು ಮರೆಯುವವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಇಂಥ ಎಳೆಗಳನ್ನು ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. ನಾವಾಗ ದೇಹೂ ರೋಡಿನಲ್ಲಿ ಬಾಡಿಗೆಗಿದ್ದೆವು. ಸಂಜೆ ಅವರ ಅಂಗಿಯ ತೋಳನ್ನು ಹೀಗೇ ಅಂಟುಪಟ್ಟಿಯಿಂದ ಒತ್ತಿಯೇ ಒಗೆಯಲು ಹಾಕುತ್ತಿದ್ದೆ. ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತವಳು. ಮರಾಠಿ ಬಾರದೆ, ಬದನೆಕಾಯಿ ಬೇಕಿದ್ದರೂ ತರಕಾರಿಯವಳು ಕೈಗೆ ಹಾಕಿದ ಬೆಂಡೆಕಾಯಿಯನ್ನೇ ತರುತ್ತಿದ್ದೆ. ವಾರಗಟ್ಟಲೆ ಬೆಂಡೆಕಾಯಿ ಪಲ್ಯ ತಿಂದ ನಿಮ್ಮ ಅಜ್ಜ ಒಂದು ದಿನವೂ ಏಕೆಂದು ಕೇಳಲಿಲ್ಲ. ಅವರಿಗೆ ಹೇಳುವ ಚಪಲ ಹೆಚ್ಚು, ಕೇಳುವುದು ಕಡಿಮೆ.

"ಒಂದ ತುದೀಗೆ ಬೆಳಕ ಬಿಡೂದು, ಇನ್ನೊಂದ ತುದೀಗೆ ಎಷ್ಟ ಬಂತಂತ ಅಳಿಯೂದು. ಇಷ್ಟ ನನ್ನ ಉದ್ಯೋಗ" ಎನ್ನುತ್ತಿದ್ದರು. ಎಳೆಯ ಸುರುಳಿಗಳನ್ನು ಕೋಬಾಲ್ಟ್ ಇರುವ ಕೋಣೆಗೆ ಕಳಿಸಿ, ವಿಕಿರಣ ತಾಗಿಸಿ, ತಿರುಗಿ ತಂದು ಅಳೆಯುತ್ತಿದ್ದರು. ವಿಕಿರಣ ತಾಗಿದರೆ ಗಾಜು ಮಬ್ಬಾಗಿ ಬೆಳಕು ದಾರಿಯಲ್ಲೇ ಸೋರಿಹೋಗುತ್ತದಂತೆ. ನನಗೆ ತಿಳಿಯಲೆಂದು ಅಂಥ ಗಾಜಿನ ತುಂಡೊಂದನ್ನು ಮನೆಗೇ ತಂದು ತೋರಿಸಿದ್ದರು. ಅದು ಚಹಾದ ನೀರಿನಂತೆ ಕಂದಾಗಿತ್ತು.

"ಹಂಗ ಬಿಟ್ಟಿಟ್ಟರ ಮತ್ತ ಒಂಚೂರು ತಿಳಿ ಆಗ್ತದ. ಗಾಜಿಗೂ ದಣಿವಾಗ್ತದ, ಸುಧಾರಿಸಿಕೊಳ್ತದ" ಎಂದರು.

"ಹಂಗಾರ ಅದರ ಪುಣ್ಯಾ ಭಾಳ ಅದರಿ. ನನಗೆಲ್ಲಿ ಅದ ರಜಾ?" ಎಂದೆ.

ಕೆಲವು ವರ್ಷಗಳ ನಂತರ ಟೊಳ್ಳು ಎಳೆ ಬಂತು. ಅದರ ನಡುವೆ ಗಾಜೇ ಇಲ್ಲ, ಬರೀ ಗಾಳಿ. ಬೆಳಕು ಆ ಗಾಳಿಯಲ್ಲೇ ಹೋಗುತ್ತದೆ. ಸುತ್ತಲಿನ ಗಾಜು ಅದನ್ನು ಹೊರಗೆ ಬಿಡದಂತೆ ಕಾಯುತ್ತದೆ, ಅಷ್ಟೆ. ಕೋಬಾಲ್ಟ್ ಕೋಣೆಯಿಂದ ಅದರ ಸುರುಳಿ ತಿರುಗಿ ಬಂದ ದಿನ ನಿಮ್ಮ ಅಜ್ಜ ಚಪ್ಪಲಿಯನ್ನೂ ಬಿಡದೆ ಅಡಿಗೆಮನೆಗೆ ಬಂದರು. ಬೆಳಕು ಕುಂದಿಯೇ ಇಲ್ಲ ಎನ್ನುವಷ್ಟು ಕಡಿಮೆ ಕುಂದಿತ್ತಂತೆ. "ಗ್ವಾಡಿಗೆ ಪೆಟ್ಟು ಬಿದ್ದರ ಓಣ್ಯಾಗ ಹೋಗಾವಗ ಏನಾಗಬೇಕು ಹೇಳು?"

"ಹಂಗಾರ ನಿಮ್ಮ ತಲಿಗೂ ಏನೂ ಆಗೂದಿಲ್ಲ ಬಿಡ್ರಿ."

ನಾನು ಆಡಿದ ಚೇಷ್ಟೆಯ ಮಾತುಗಳು ಕಡಿಮೆ. ಅದನ್ನು ಅವರು ನಿಮ್ಮ ತಾಯಿ ಸುಮಾಳ ಮುಂದೆ ಎಷ್ಟೋ ಸಲ ಹೇಳಿ ನಕ್ಕರು.

ಅದರ ಮರುವರ್ಷವೇ ಅವರ ಧ್ವನಿ ಒಡೆಯಿತು. ಗಂಟಲಲ್ಲಿ ಗಡ್ಡೆ ಎಂದರು. ಬೇಗ ಸಿಕ್ಕಿದೆ, ದಿನವೂ ತಪ್ಪದೆ ಬಂದು ವಿಕಿರಣ ತೆಗೆದುಕೊಂಡರೆ ಗುಣವಾಗುತ್ತದೆ ಎಂದು ಡಾಕ್ಟರು ಧೈರ್ಯ ಹೇಳಿದರು. ಆಸ್ಪತ್ರೆಯ ಯಂತ್ರದಲ್ಲಿಯೂ ಇದ್ದದ್ದು ಕೋಬಾಲ್ಟೇ. ಮೊದಲ ದಿನ ಹೊರಗೆ ಬಂದವರು, "ಗುರುತಿನ ಮನಷ್ಯಾ ಸಿಕ್ಕಂಗಾತು" ಎಂದು ನಗಲು ನೋಡಿದರು.

ಕೆಲವು ವಾರಗಳಲ್ಲಿ ಅವರ ಕುತ್ತಿಗೆ ಕಂದಾಯಿತು. ಗಂಜಿಯೂ ಇಳಿಯದಾಯಿತು. ಕನ್ನಡಿಯ ಮುಂದೆ ನಿಂತು ಬೆರಳಿನಿಂದ ಚರ್ಮ ಸವರಿಕೊಂಡು, "ನೋಡಿದೇನು, ಗಾಜಿನಂಗ ಬಣ್ಣ ತಿರುಗೇದ. ಪೆಟ್ಟಿನ ಮ್ಯಾಲ ಪೆಟ್ಟು ಹಾಕಿದರ ಹೆಂಗ? ನಡುವ ಸುಧಾರಿಸಿಕೊಳ್ಳಾಕ ಬಿಡಬೇಕು" ಎಂದರು.

"ಅಪ್ಪಾ, ನೀವೇನು ಗಾಜೇನ್ರಿ? ನಡೀರಿ, ರಿಕ್ಷಾ ನಿಂತದ" ಎಂದಳು ಸುಮಾ.

"ಇದರಾಗ ಕೂದಲ ಬೆಳ್ಳಗಾಗ್ಯಾವ ನನ್ನವು. ನೀ ಸುಮ್ಮನಿರವಾ."

ರಿಕ್ಷಾ ಖಾಲಿ ಹೋಯಿತು. ಮರುದಿನವೂ ಅವರು ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. ಸುಮಾ ಅತ್ತು ಕರೆದು ನೋಡಿದಳು. ಹೀಗೇ ವಾರಗಳು ಕಳೆದವು.

ನಿಜ ಹೇಳಬೇಕೆಂದರೆ ಆ ದಿನಗಳು ಬಹಳ ಚೆನ್ನಾಗಿದ್ದವು. ಅದೇ ನನ್ನನ್ನು ಈಗಲೂ ಕೊರೆಯುವುದು. ಗಂಟಲಿನ ಉರಿ ಇಳಿಯಿತು. ಗೋಧಿ ಹುಗ್ಗಿ ಮಾಡಿದರೆ ಎರಡನೆಯ ಸಲ ಬಡಿಸಿಕೊಂಡರು. ಒಂದು ಸಂಜೆ ಇಬ್ಬರೂ ಪುಣೆಯ ಕ್ಯಾಂಪ್ ಪೇಟೆಗೆ ಹೋಗಿ, ಬೇಕರಿಯ ಮುಂದೆ ನಿಂತು ಬಿಸಿ ಬಿಸ್ಕೀಟು ತಿಂದೆವು. ನನಗೆ ರಸ್ತೆಯಲ್ಲಿ ನಿಂತು ತಿನ್ನಲು ನಾಚಿಕೆ. ಅವರು ನನಗೆ ಅಡ್ಡವಾಗಿ ನಿಂತುಕೊಂಡರು. ಅವರ ಧ್ವನಿಯೂ ಸ್ವಲ್ಪ ತಿಳಿಯಾಗಿತ್ತು. "ನಾ ಏನ ಹೇಳಿದ್ದೆ?" ಎಂದು ಸುಮಾಳನ್ನು ಕೆಣಕುತ್ತಿದ್ದರು.

ಸುಧಾರಿಸಿಕೊಂಡದ್ದು ಸಾಕು ಎನಿಸಿದ ಮೇಲೆ ತಾವೇ ಆಸ್ಪತ್ರೆಗೆ ಹೊರಟರು. ಡಾಕ್ಟರು ಗಂಟಲು ನೋಡಿ, ಇಷ್ಟು ದಿನ ಏಕೆ ಬರಲಿಲ್ಲ ಎಂದು ಕೇಳಿದರು. ಇವರು ಗಾಜಿನ ಲೆಕ್ಕ ವಿವರಿಸಿದರು. ಡಾಕ್ಟರು ಪೂರ್ತಿ ಕೇಳಿ, ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: ವಿಶ್ರಾಂತಿ ಸಿಕ್ಕಿದ್ದು ನಿಮಗೊಬ್ಬರಿಗೇ ಅಲ್ಲ, ಆ ಗಡ್ಡೆಗೂ ಸಿಕ್ಕಿತು; ಅದೂ ಸುಧಾರಿಸಿಕೊಂಡಿದೆ. ಅಷ್ಟು ಹೊತ್ತಿಗೆ ನನಗೆ ಮರಾಠಿ ಚೆನ್ನಾಗಿ ತಿಳಿಯುತ್ತಿತ್ತು. ತಿಳಿಯದಿದ್ದರೆ ಒಳ್ಳೆಯದಿತ್ತು.

ದಾರಿಯಲ್ಲಿ ನಿಮ್ಮ ಅಜ್ಜ ಒಂದೇ ಮಾತು ಆಡಿದರು. "ನಾ ತಪ್ಪ ತುದೀಗೆ ಅಳದೆ."

ಮತ್ತೆ ಶುರು ಮಾಡಿದರು. ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಗಡ್ಡೆ ಇಳಿಯಲಿಲ್ಲ. ಮೊದಲು ಧ್ವನಿ ಹೋಯಿತು, ಆಮೇಲೆ ಅವರು.

ಅವರನ್ನು ದಡ್ಡರೆಂದು ತಿಳಿಯಬೇಡಿ. ಊರಿನಲ್ಲಿ ನನ್ನ ತಂದೆ, ತಮಗೆ ಜ್ವರ ಬಂದಾಗಲೂ ಎತ್ತಿಗೆ ಮಾಡುವ ಆರೈಕೆಯನ್ನೇ ಮಾಡಿಕೊಳ್ಳುತ್ತಿದ್ದರು. ಮನುಷ್ಯನಿಗೆ ಹೆದರಿಕೆಯಾದಾಗ ಕೈಗೆ ರೂಢಿಯಾದದ್ದರ ಮೇಲೆಯೇ ನಂಬಿಕೆ. ಆ ಟೊಳ್ಳು ಎಳೆ ನನಗೆ ಆಗಾಗ ನೆನಪಾಗುತ್ತದೆ. ಅದರಂತೆ ನಮ್ಮ ಒಳಗೂ ಖಾಲಿಯಿದ್ದು, ಏನೂ ತಾಗದೆ ದಾಟಿಹೋಗುವಂತಿದ್ದರೆ ಎಂದುಕೊಳ್ಳುತ್ತೇನೆ. ಇಲ್ಲ ಮಕ್ಕಳೇ, ನಮ್ಮ ಒಳಗೆ ತುಂಬಿಕೊಂಡಿರುತ್ತದೆ.

ನನ್ನ ಎದೆಯ ಗಡ್ಡೆ ತೆಗೆದದ್ದು ನಿಮಗೆ ಗೊತ್ತು. ಅಲ್ಲಿಗೆ ಮುಗಿಯಿತೆಂದು ನಿಮಗೆ ಹೇಳಿದ್ದೇವೆ. ಮುಗಿದಿಲ್ಲ, ನನಗೂ ವಿಕಿರಣ ಕೊಡಬೇಕಂತೆ. ಬೇಡವೆಂದು ಸುಮಾಳಿಗೆ ಹೇಳಿಬಿಟ್ಟಿದ್ದೆ. ಅವಳು ಒಳಗೆ ಹೋಗಿ ನಲ್ಲಿ ಬಿಟ್ಟು ನಿಂತಳು. ತೊಳೆಯುವ ಪಾತ್ರೆ ಒಂದೂ ಇರಲಿಲ್ಲ. ರಾತ್ರಿ ಇಲ್ಲಿಯವರೆಗೆ ಬರೆದು ಮಲಗಿದವಳು, ಬೆಳಿಗ್ಗೆ ಎದ್ದು ಅವಳಿಗೆ ಹೂಂ ಎಂದೆ. ಸೋಮವಾರದಿಂದ ಶುರು.

ನನಗೆ ಹೆದರಿಕೆಯಿದೆ. ನಡುವೆ ಒಂದು ದಿನ ನಾನು, ಇವತ್ತು ಬಹಳ ದಣಿದಿದ್ದೇನೆ, ನಾಲ್ಕು ದಿನ ಬಿಟ್ಟು ಹೋಗೋಣ ಎನ್ನುತ್ತೇನೆ. ಅಂದೇ ಅನ್ನುತ್ತೇನೆ, ನನಗೆ ಗೊತ್ತು. ಆ ದಿನ ನನ್ನ ಮಾತು ಕೇಳಬೇಡಿ. ಚಪ್ಪಲಿ ತಂದು ಮುಂದಿಟ್ಟು, ರಿಕ್ಷಾ ನಿಂತಿದೆ ಎನ್ನಿ.