ಗೀತಮ್ಮನ ಚಾಕಿ ಮನೆಯ ಇಪ್ಪತ್ನಾಲ್ಕು ತಟ್ಟೆಗಳು

ನನ್ನ ಅಕ್ಷರ ಚೆನ್ನಾಗಿಲ್ಲ, ಮೊದಲೇ ಕ್ಷಮೆ ಕೇಳುತ್ತೇನೆ. ಹತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವಳು ನಾನು. ಮಾತು ಕಡಿಮೆ, ಪದಗಳು ಇನ್ನೂ ಕಡಿಮೆ. ನಮ್ಮೂರ ಗ್ರಂಥಾಲಯದ ಶಾಂಭವಿ ಮೇಡಂ ಈ ವರ್ಷದ ಕೈಬರಹದ ಪುಸ್ತಕಕ್ಕೆ ಊರಿನ ಒಬ್ಬರ ಬಗ್ಗೆ ಬರೆದು ಕೊಡು ಎಂದು ನನಗೂ ಹಾಳೆ ಕೊಟ್ಟರು. ಎರಡು ಸಲ ಕರಡು ಬರೆದು, ಇದು ಮೂರನೆಯದು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಬೇಕು.

ನಾನು ಬರೆಯುವುದು ಗೀತಮ್ಮನವರ ಬಗ್ಗೆ. ಅವರಿಗೆ ನಲವತ್ತಾರು ವರ್ಷ. ಅವರದು ಚಾಕಿ ಮನೆ. ರೇಷ್ಮೆ ಹುಳು ಮೊಟ್ಟೆಯಿಂದ ಹೊರಬಂದಾಗ ಕೂದಲಿನ ಚೂರಿನಷ್ಟು ಇರುತ್ತದೆ. ಆ ಎಳೆ ಹುಳುಗಳು ಎರಡು ಸಲ ಪೊರೆ ಬಿಡುವ ತನಕ ಸಾಕಿ ರೈತರಿಗೆ ಕೊಡುವುದು ಅವರ ಕೆಲಸ. ಅರಸೀಕೆರೆಯಿಂದ, ಹಡಗಲಿ ಕಡೆಯಿಂದಲೂ ಬಂದು ಒಯ್ಯುತ್ತಾರೆ.

ಗೀತಮ್ಮ ಹನ್ನೊಂದನೇ ವಯಸ್ಸಿನಲ್ಲಿ ಕೊಟ್ಟೂರಿನ ಹತ್ತಿರ ಬೇರೆಯವರ ತೋಟದಲ್ಲಿ ರೇಷ್ಮೆ ಸೊಪ್ಪು ಬಿಡಿಸುವ ಕೂಲಿಗೆ ಹೋದವರು. ಓದು ಬರುವುದಿಲ್ಲ, ಅಂಕಿ ಬರುತ್ತದೆ. ಸೊಪ್ಪನ್ನು ಕೆಳತುಟಿಗೆ ತಾಗಿಸಿ ಅದರಲ್ಲಿ ಎಷ್ಟು ನೀರಿದೆ ಎಂದು ಹೇಳುತ್ತಾರೆ. ಚಾಕಿ ಮನೆಯ ಬಾಗಿಲಲ್ಲಿ ಸುಣ್ಣದ ಪುಡಿ ಹಾಕಿದ ತಟ್ಟೆ ಇದೆ, ಅದನ್ನು ತುಳಿದೇ ಒಳಗೆ ಬರಬೇಕು. ಬೀಡಿ ಸೇದಿದವರು, ತಲೆಗೆ ವಾಸನೆಯ ಎಣ್ಣೆ ಹಚ್ಚಿದವರು ಹೊಸ್ತಿಲ ಆಚೆಗೇ. ಒಂದು ಬೆಳೆ, ಅಂದರೆ ಒಂದು ಸುತ್ತಿನ ಹುಳು, ಹೋದ ಮೇಲೆ ಕೋಣೆಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು, ತಟ್ಟೆಗಳನ್ನು ಬಿಸಿಲಿಗಿಟ್ಟು, ಮೂಲೆಮೂಲೆಯನ್ನು ಬೆರಳಿನಿಂದ ಸವರಿ ನೋಡುತ್ತಾರೆ.

“ಹೋದ ಬೆಳೀದು ಒಂದು ಎಲಿ ಚೂರೂ ಉಳೀಬಾರ್ದು ನೋಡು. ಉಳಿದ್ರ ರೋಗ ಉಳೀತು ಅಂತ ತಿಳ್ಕೋ,” ಎನ್ನುತ್ತಾರೆ.

ನಾನು ಅಲ್ಲಿ ಎರಡು ವರ್ಷದಿಂದ ಕೆಲಸಕ್ಕಿದ್ದೇನೆ. ಸೊಪ್ಪು ಹೆಚ್ಚುತ್ತೇನೆ, ತಟ್ಟೆ ತೊಳೆಯುತ್ತೇನೆ. ಹೋದ ವರ್ಷದಿಂದ ಯಂತ್ರ ನೋಡಿಕೊಳ್ಳುವುದೂ ನನ್ನ ಪಾಲಿಗೆ ಬಂತು.

ಯಂತ್ರ ಎಂದರೆ ಅಂಗೈ ಅಗಲದ ಒಂದು ಕಂಪ್ಯೂಟರ್. ಹರಪನಹಳ್ಳಿಯಲ್ಲಿ ಕಂಪ್ಯೂಟರ್ ಪಾಠ ಹೇಳುವ ಕ್ರಾಂತಿಕುಮಾರ್ ಸರ್ ತಂದು ಕೂರಿಸಿದ್ದು. ಕೋಣೆಯ ಗಾಳಿಯಲ್ಲಿ ತೇವ ಎಂಬತ್ತೈದಕ್ಕಿಂತ ಇಳಿದರೆ ಅದು ಫಾಗರನ್ನು ತಾನೇ ಹಾಕುತ್ತದೆ. ಫಾಗರ್ ಮಂಜಿನಂತೆ ನೀರು ಊದುತ್ತದೆ. ತೊಂಬತ್ತಾದರೆ ಯಂತ್ರವೇ ಅದನ್ನು ನಿಲ್ಲಿಸುತ್ತದೆ. ಅದನ್ನು ನಡೆಸುವ ತಂತ್ರಾಂಶ ಬಹಳ ಚಿಕ್ಕ ಲಿನಕ್ಸ್. ಚಿತ್ರ ಇಲ್ಲ, ಮೌಸ್ ಇಲ್ಲ. ಕಪ್ಪು ಪರದೆಯ ಮೇಲೆ ಸಾಲು ಬರೆದು ಎಂಟರ್ ಒತ್ತಬೇಕು. ಏನಾದರೂ ಬೇಕಿದ್ದರೆ ‘ಎಪಿಕೆ ಆ್ಯಡ್’ ಎಂದು ಬರೆದು ಅದರ ಹೆಸರು ಬರೆದರೆ, ನೆಟ್‌ನಲ್ಲಿರುವ ದೊಡ್ಡ ಉಗ್ರಾಣದಿಂದ ಆ ಸಾಮಾನಿನ ಗಂಟನ್ನು ತಂದು ಬಿಚ್ಚಿ ಹಾಕುತ್ತದೆ. ಆ ಗಂಟಿಗೆ ಪ್ಯಾಕೇಜು ಎನ್ನುತ್ತಾರೆ.

ಇನ್ನೊಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಕಡೆ ಕರೆಂಟ್ ಹೇಳದೆ ಕೇಳದೆ ಹೋಗುತ್ತದೆ. ಆಗ ಅದರ ಮೆಮೊರಿ ಕಾರ್ಡು ಕೆಡದಿರಲಿ ಎಂದೇ ಸರ್ ಈ ಲಿನಕ್ಸನ್ನು ಯಂತ್ರದ ತಾತ್ಕಾಲಿಕ ನೆನಪಿನಲ್ಲೇ ಓಡುವ ಹಾಗೆ ಇಟ್ಟಿದ್ದರು. ಕರೆಂಟ್ ಹೋದರೆ ನೆನಪೆಲ್ಲ ಅಳಿಯುತ್ತದೆ. ಬಂದಾಗ ಪುಟ್ಟ ಕಾರ್ಡಿನಲ್ಲಿರುವ ಪಟ್ಟಿ ಓದಿ, ಕಾರ್ಡಿನಲ್ಲೇ ಜೋಡಿಸಿಟ್ಟ ಗಂಟುಗಳನ್ನು ಬಿಚ್ಚಿ, ಮತ್ತೆ ಮೊದಲಿನಂತೆ ಎದ್ದು ನಿಲ್ಲುತ್ತದೆ.

ಏಪ್ರಿಲ್ ತಿಂಗಳಲ್ಲಿ, ಹಿಂದಿನ ಬೆಳೆ ರೈತರ ಮನೆಗೆ ಹೋದ ಮೇಲೆ, ಒಂದು ಗುರುವಾರ ನಾವು ಕೋಣೆ ತೊಳೆದೆವು. ಎಲ್ಲ ಮುಗಿದ ಮೇಲೆ ನಾನು ಯಂತ್ರದ ಮುಂದೆ ಕುಳಿತೆ. ಕಾರ್ಡಿನಲ್ಲಿ ಹದಿನೇಳು ಗಂಟುಗಳು ಕಂಡವು, ಎಲ್ಲವೂ ಹೋದ ವರ್ಷದ ತಾರೀಖಿನವು. ಇವುಗಳನ್ನು ಬಿಚ್ಚಿ ಬಳಸಿ ಆಗಿದೆಯಲ್ಲ, ಹಳೆಯದನ್ನು ಯಾಕೆ ಉಳಿಸಬೇಕು ಎನ್ನಿಸಿತು. ಹದಿನೇಳನ್ನೂ ಅಳಿಸಿದೆ. ಯಂತ್ರ ಏನೂ ಆಗದಂತೆ ಓಡುತ್ತಲೇ ಇತ್ತು. ಗೀತಮ್ಮ ಮೂಲೆ ಸವರುವ ಹಾಗೆ ನಾನೂ ನನ್ನ ಪಾಲಿನದನ್ನು ಸವರಿದೆ ಎಂದು ಸಮಾಧಾನವಾಯಿತು.

ಮುಂದಿನ ಮಂಗಳವಾರ ಬೆಳಿಗ್ಗೆ ಹೊಸ ಹುಳುಗಳು ಎದ್ದವು, ಇಪ್ಪತ್ನಾಲ್ಕು ತಟ್ಟೆ. ಬುಧವಾರ ಬೆಳಗಿನ ಜಾವ ಗಾಳಿ ಬೀಸಿ ಕಂಬ ಬಿತ್ತು. ಯಂತ್ರದ ಬ್ಯಾಟರಿ ಎಂಟೂ ನಲವತ್ತರ ತನಕ ತಡೆಯಿತು. ಹತ್ತೂ ಕಾಲಿಗೆ ಕರೆಂಟ್ ಬಂತು, ಫಾಗರ್ ಮಾತ್ರ ಬರಲಿಲ್ಲ. ತೇವ ಅಳೆಯುವ ಗೋಡೆಯ ಮೀಟರ್ ಎಪ್ಪತ್ತು ತೋರಿಸುತ್ತಿತ್ತು. ನಾನು ಪರದೆ ಹಾಕಿ ನೋಡಿದೆ. ಫಾಗರ್ ನಡೆಸುವ ಕೆಲಸಕ್ಕೆ ಪೈಥಾನ್ ಎಂಬ ಗಂಟು ಬೇಕು, ಅದು ಸಿಗಲಿಲ್ಲ ಎಂಬ ಸಾಲು ಇತ್ತು. ನಾನು ಏನು ಮಾಡಿದ್ದೆ ಎಂಬುದು ಆಗ ತಿಳಿಯಿತು.

“ಏನಾಗೈತಿ?” ಎಂದರು ಗೀತಮ್ಮ.

“ಏನೋ ಆಗೈತತ್ತಿ. ನೆಟ್ ಬೇಕು.”

ಅಷ್ಟೇ ಹೇಳಿದೆ. ನಾನೇ ಅಳಿಸಿದ್ದನ್ನು ಹೇಳಲಿಲ್ಲ. ಊರಿನ ಟವರ್ ಬೆಳಗಿನಿಂದ ಸತ್ತಿತ್ತು.

ಈ ಬೆಳೆಯಲ್ಲಿ ಹುಳು ಕಾಯ್ದಿರಿಸಿದ್ದ ರೈತ ಬೊಮ್ಮಪ್ಪ ತಾತ ಅಂಗಳದ ಕಲ್ಲಿನ ಮೇಲೆ ಕುಳಿತಿದ್ದರು. ಬೀಡಿಯವರಾದ್ದರಿಂದ ಅವರ ಜಾಗ ಯಾವಾಗಲೂ ಅದೇ.

“ನಾ ಆವತ್ತೇ ಹೇಳೀನಿ ಗೀತಮ್ಮ. ಹುಳಕ್ಕ ಯಾವ ಕಂಪ್ಯೂಟ್ರು? ಅದೇನು ಇಸ್ಕೂಲಿಗೆ ಹೋಗ್ತೈತೇನು?”

“ನೀ ಬೀಡಿ ಆರಿಸಿ ನಾಲ್ಕು ಕೊಡ ನೀರು ತಾರಣ್ಣ. ಆಮ್ಯಾಲ ಬಯ್ಯುವಂತಿ,” ಎಂದರು ಗೀತಮ್ಮ.

ಅವರು ಆಗಲೇ ಗೋಣಿಚೀಲಗಳನ್ನು ನೆನೆಸಿ ಕಿಟಕಿಗೆ, ಬಾಗಿಲಿಗೆ ಕಟ್ಟುತ್ತಿದ್ದರು. ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಕಲಿತ ರೀತಿ ಅದು. ನೆಲಕ್ಕೆ ನೀರು ಹೊಯ್ದರು. ಫಾಗರಿಗೆ ಬೇರೆ ಸ್ವಿಚ್ ಇಲ್ಲ, ಅದರ ತಂತಿ ನೇರ ಯಂತ್ರದ ಪೆಟ್ಟಿಗೆಯೊಳಗೆ ಹೋಗಿದೆ. ಒದ್ದೆ ನೆಲದಲ್ಲಿ ನಿಂತು ಅದನ್ನು ಬಿಚ್ಚುವ ಮಾತನ್ನು ಅವರು ಎತ್ತಲೂ ಬಿಡಲಿಲ್ಲ. ಹೊರಗೆ ನಮ್ಮ ಕೂಡ್ಲಿಗಿ ಕಡೆಯ ಒಣ ಗಾಳಿ. ಕಟ್ಟಿದ ಗೋಣಿ ಕಣ್ಣೆದುರೇ ಆರುತ್ತಿತ್ತು. ಮೀಟರ್ ಅರವತ್ತಾರಕ್ಕೆ ಇಳಿಯಿತು. ಎಳೆ ಹುಳುವಿಗೆ ಬಾಯಿ ಬಹಳ ಸಣ್ಣದು. ಸೊಪ್ಪು ಒಣಗಿದರೆ ಅದು ಕಚ್ಚಲಾರದು, ತಲೆ ಎತ್ತಿ ಹುಡುಕಿ ಹುಡುಕಿ ಸಾಯುತ್ತದೆ.

ನಾನು ಫೋನಿಗೂ ಚುಚ್ಚಬಹುದಾದ ಪೆನ್‌ಡ್ರೈವ್, ನನ್ನ ನೋಟ್‌ಬುಕ್ ತೆಗೆದುಕೊಂಡೆ. ಸರ್ ಯಂತ್ರ ಕೂರಿಸಿದ ದಿನ ಪರದೆಯಲ್ಲಿ ಬಂದ ಹದಿನೇಳು ಹೆಸರುಗಳನ್ನೂ ಅದರಲ್ಲಿ ಬರೆದುಕೊಂಡಿದ್ದೆ. ಬೊಮ್ಮಪ್ಪ ತಾತ ತಮ್ಮ ಗಾಡಿಯಲ್ಲಿ ಹೈವೇಯ ತನಕ ಕರೆದೊಯ್ದರು.

“ಯವ್ವಾ, ಗಟ್ಟಿ ಹಿಡ್ಕೋ. ಬಿದ್ರ ಗೀತಮ್ಮ ನನ್ನೇ ಹುಳಕ್ಕ ಹಾಕ್ತಾಳ.”

ನನಗೆ ನಗು ಬರಲಿಲ್ಲ. ಹೈವೇಯ ಪಕ್ಕದ ಬೇವಿನ ಮರದ ಕೆಳಗೆ ಎರಡು ಗೆರೆ ಸಿಗ್ನಲ್ ಬಂತು. ಕ್ರಾಂತಿಕುಮಾರ್ ಸರ್‌ಗೆ ಮೂರು ಸಲ ಫೋನ್ ಮಾಡಿದೆ, ಸ್ವಿಚ್ ಆಫ್. ಪರೀಕ್ಷೆಯ ಕೋಣೆಯಲ್ಲಿರಬೇಕು. ಉಗ್ರಾಣದ ಪುಟ ತೆರೆದೆ. ಅಲ್ಲಿ ಪ್ರತಿ ಮಾದರಿಯ ಯಂತ್ರಕ್ಕೂ ಬೇರೆ ಬೇರೆ ಅಂಕಣ. ನಮ್ಮ ಮಾದರಿ, ನಮ್ಮ ಆವೃತ್ತಿ ಎರಡನ್ನೂ ನೋಟ್‌ಬುಕ್ ನೋಡಿ ಆರಿಸಿದೆ. ಒಂದೊಂದೇ ಹೆಸರು ಹುಡುಕಿ, ಇಳಿಸಿ, ಪೆನ್ನಿನಿಂದ ಗುರುತು ಹಾಕಿದೆ. ಲಾರಿ ಹೋದಾಗಲೆಲ್ಲ ಹಾಳೆ ಮಗುಚುತ್ತಿತ್ತು. ಹನ್ನೆರಡು ಇಳಿದ ಮೇಲೆ ಸಿಗ್ನಲ್ ಹೋಗಿ ಪುಟ ಮತ್ತೆ ಮೊದಲಿನಿಂದ ತೆರೆಯಿತು. ಚಾಕಿ ಮನೆಯಲ್ಲಿ ಈಗ ಮೀಟರ್ ಎಷ್ಟಿದೆ ಎಂದು ಕೇಳುವ ಹಾಗಿರಲಿಲ್ಲ. ಅಲ್ಲಿಗೆ ಫೋನೇ ಹೋಗುತ್ತಿರಲಿಲ್ಲ.

ಹದಿನೇಳೂ ಆದವು. ಪೆನ್‌ಡ್ರೈವ್‌ಗೆ ಹಾಕಿಕೊಂಡು ಮರಳಿದಾಗ ಹನ್ನೆರಡೂ ಇಪ್ಪತ್ತು. ಮೀಟರ್ ಐವತ್ತೊಂಬತ್ತು.

ಯಂತ್ರಕ್ಕೆ ಪೆನ್‌ಡ್ರೈವ್ ಚುಚ್ಚಿ ಸಾಲು ಬರೆದೆ. ಅದು ಒಪ್ಪಲಿಲ್ಲ. ಮತ್ತೆ ಬರೆದೆ. ಹದಿಮೂರನೆಯ ಗಂಟು ಬೇರೆ ಮಾದರಿಯ ಯಂತ್ರದ್ದು ಎಂದಿತು. ಪುಟ ಮತ್ತೆ ತೆರೆದಾಗ ಅಂಕಣ ಬದಲಾಗಿತ್ತು, ಒಂದನ್ನು ಅಲ್ಲಿಂದ ಇಳಿಸಿದ ಮೇಲಷ್ಟೇ ನಾನು ಮಾದರಿ ನೋಡಿ ಸರಿಮಾಡಿದ್ದೆ. ಇಳಿಸಿದ ಆ ಒಂದನ್ನು ನೋಡಿರಲಿಲ್ಲ. ಒಂದು ತಪ್ಪಿದ್ದರೆ ಉಳಿದ ಹದಿನಾರನ್ನೂ ಈ ಯಂತ್ರ ಒಳಗೆ ಬಿಡುವುದಿಲ್ಲ.

ಹೊರಗೆ ಲಗೇಜ್ ಆಟೋ ನಿಂತ ಸದ್ದಾಯಿತು. ಗೀತಮ್ಮನವರ ಗಂಡ ಪಾಲಣ್ಣ ಕೊಟ್ಟೂರಿಗೆ ಬಾಡಿಗೆಗೆ ಹೋಗಿದ್ದವರು ಬಂದಿದ್ದರು.

“ಮಿಷನ್ ಸುಟ್ಟತಂತಲ್ಲ? ಬೊಮ್ಮಪ್ಪಣ್ಣ ಅಂದ,” ಎಂದರು ಬಾಗಿಲಲ್ಲೇ ನಿಂತು.

“ಸುಟ್ಟಿರಬೇಕು. ಕರೆಂಟ್ ಬರೂ ಹೊತ್ನಾಗ ಜೋರು ಬಂದೈತಿ,” ಎಂದರು ಗೀತಮ್ಮ. ಅವರ ಸೀರೆ ಮೊಣಕಾಲ ತನಕ ಒದ್ದೆಯಾಗಿತ್ತು. “ತಟ್ಟಿ ಏರ್ಸು. ಹಡಗಲಿ ಕಡೆ ನಮ್ಮ ಪರಿಚಯದವರ ಚಾಕಿ ಮನಿ ಐತಿ, ಅಲ್ಲಿಗೆ ಒಯ್ಯಾಣ.”

“ಈ ಬಿಸಿಲಾಗ? ಎರಡು ದಿನದ ಹುಳ ಲೇ ಅವು.”

“ಗೊತ್ತೈತಿ. ದಾರ್ಯಾಗ ಅರ್ಧ ಸತ್ತು ಹೊಕ್ಕಾವ. ಇಲ್ಲಿ ಕುಂತ್ರ ಎಲ್ಲಾ ಹೊಕ್ಕಾವ. ಮಾತಾಡಬ್ಯಾಡ, ಏರ್ಸು.”

ಪಾಲಣ್ಣ ಸುಣ್ಣ ತುಳಿದು ಒಳಗೆ ಬಂದು ಮೊದಲ ತಟ್ಟೆಗೆ ಕೈ ಹಾಕಿದರು. ತಟ್ಟೆಯ ಅಂಚಿಗೆ ಹುಳುಗಳು ಕಪ್ಪು ದಾರದ ಹಾಗೆ ಹರಿದು ಬಂದಿದ್ದವು. ನಾನು ಬಾಯಿ ತೆರೆಯದಿದ್ದರೆ ಆ ತಟ್ಟೆ ಬಿಸಿಲಿಗೆ ಹೋಗುತ್ತಿತ್ತು.

“ಅತ್ತಿ, ಸುಟ್ಟಿಲ್ಲ,” ಎಂದೆ.

ಇಬ್ಬರೂ ನನ್ನ ಕಡೆ ತಿರುಗಿದರು.

“ನಾನು ಖಾಲಿ ಮಾಡೀನಿ. ಗುರುವಾರ ಕ್ವಾಣಿ ತೊಳದ್ವಲ್ಲ, ಆವತ್ತು. ಹಳೇವು ಅಂತ ಅದರಾಗಿನ ಸಾಮಾನೆಲ್ಲ ಅಳಿಸಿಬಿಟ್ಟೆ. ಕರೆಂಟ್ ಹೋಗಿ ಬಂದ ಮ್ಯಾಲ ಅದಕ್ಕ ಬೇಕಾದದ್ದು ಸಿಗವಲ್ದು. ಮುಂಜಾನೇನೇ ಗೊತ್ತಾಗಿತ್ತು ನನಗ. ಹೇಳ್ಲಿಲ್ಲ.”

ಪಾಲಣ್ಣ ತಟ್ಟೆ ಹಿಡಿದುಕೊಂಡೇ ನಿಂತರು. ಗೀತಮ್ಮ ನನ್ನ ಮುಖವನ್ನು ನೋಡಲಿಲ್ಲ, ಯಂತ್ರವನ್ನು ನೋಡಿದರು.

“ಅಂದ್ರ ಅದು ಕೆಟ್ಟಿಲ್ಲ?”

“ಇಲ್ಲತ್ತಿ. ಖಾಲಿ ಐತಿ ಅಷ್ಟ. ಹದಿನಾರು ಸಿಕ್ಕಾವ. ಒಂದು ತಪ್ಪು ತಂದೀನಿ.”

“ಆ ಒಂದು ತಂದ್ರ ನಡೀತೈತೇನು? ಖರೇ ಹೇಳು. ನಡೀದಿದ್ರ ನಡ್ಯಂಗಿಲ್ಲ ಅಂತ ಹೇಳು, ನಾ ಹುಳ ಏರಸ್ತೀನಿ.”

ಅವರು ನನ್ನನ್ನು ಅಷ್ಟು ನೇರ ಯಾವತ್ತೂ ಕೇಳಿರಲಿಲ್ಲ. ನಾನು ಪರದೆಯ ಸಾಲುಗಳನ್ನು ಮೇಲಿನಿಂದ ಕೆಳಗೆ ಇನ್ನೊಮ್ಮೆ ಓದಿದೆ. ಯಂತ್ರ ದೂರಿದ್ದು ಆ ಒಂದರ ಮೇಲೆ ಮಾತ್ರ.

“ನಡೀತೈತಿ,” ಎಂದೆ.

“ತಟ್ಟಿ ಇಳಿಸು,” ಎಂದರು ಗಂಡನಿಗೆ. “ಇಕಿನ್ನ ಕರ್ಕಂಡು ಹೋಗಿ ಬಾ. ಬೊಮ್ಮಪ್ಪಣ್ಣ, ನೀರು!”

ಪಾಲಣ್ಣ ಮಾವ ರಸ್ತೆ ಬಿಟ್ಟು ನನ್ನ ಕಡೆ ನೋಡದೆ ಆಟೋ ಓಡಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಬೇವಿನ ಮರದ ಕೆಳಗೆ ಆ ಒಂದು ಹೆಸರನ್ನು ಹುಡುಕಿದೆ. ಮಾದರಿ ನೋಡಿದೆ, ಆವೃತ್ತಿ ನೋಡಿದೆ, ಗಟ್ಟಿಯಾಗಿ ಓದಿದೆ. ಇಳಿಸಿದ ಮೇಲೆ ಮತ್ತೊಮ್ಮೆ ಓದಿದೆ. ಆಗ ಮಾವ ಕೇಳಿದರು:

“ಸರಿ ಐತೇನವ್ವ?”

“ಐತಿ ಮಾವ.”

“ಇನ್ನೊಮ್ಮಿ ನೋಡು. ಹತ್ತು ನಿಮಿಷ ತಡ ಆದ್ರ ಆಗ್ಲಿ, ಮತ್ತೊಂದು ಸಲ ಬರಾಕ ಆಗಂಗಿಲ್ಲ.”

ಇನ್ನೊಮ್ಮೆ ನೋಡಿದೆ.

ನಾವು ಮರಳಿದಾಗ ಮೀಟರ್ ಐವತ್ತೇಳು. ಗೀತಮ್ಮ ಎಳೆ ಸೊಪ್ಪನ್ನು ದಾರದಷ್ಟು ಸಣ್ಣಗೆ ಹೆಚ್ಚಿ, ಒಂದೊಂದು ತಟ್ಟೆಗೂ ಸ್ವಲ್ಪ ಸ್ವಲ್ಪ ಉದುರಿಸುತ್ತಿದ್ದರು. ಬಾಡುವುದಕ್ಕೆ ಮುಂಚೆ ಹುಳು ಕಚ್ಚಲಿ ಎಂದು ಮತ್ತೆ ಮೊದಲ ತಟ್ಟೆಗೆ ಬರುತ್ತಿದ್ದರು. ಕೈಬೆರಳು ಹಸಿರಾಗಿ ಎರಡು ಕಡೆ ಕೊಯ್ದುಕೊಂಡಿತ್ತು.

ಸಾಲು ಬರೆದು ಎಂಟರ್ ಒತ್ತಿದೆ. ಹದಿನೇಳರಲ್ಲಿ ಒಂದು, ಹದಿನೇಳರಲ್ಲಿ ಎರಡು ಎಂದು ಪರದೆ ಎಣಿಸತೊಡಗಿತು. ಹದಿಮೂರಕ್ಕೆ ಬಂದು ಕ್ಷಣ ಹೊತ್ತು ನಿಂತಿತು. ಹದಿನಾಲ್ಕು ಬಂತು. ಹದಿನೇಳಾದ ಮೇಲೆ ಫಾಗರಿನ ಕೆಲಸವನ್ನು ಶುರು ಮಾಡಿದೆ. ಪೆಟ್ಟಿಗೆಯೊಳಗೆ ಟಕ್ ಎಂದಿತು, ಗೋಡೆಯ ಮೇಲಿನಿಂದ ಮಂಜು ಊದಿತು.

ಐವತ್ತೊಂಬತ್ತು. ಅರವತ್ಮೂರು. ಎಪ್ಪತ್ತು ದಾಟಿದಾಗ ಗೀತಮ್ಮ ಒದ್ದೆ ನೆಲದಲ್ಲೇ ಕುಳಿತರು. ಹೊರಗಿನಿಂದ ಬೊಮ್ಮಪ್ಪ ತಾತ ಕೂಗಿದರು:

“ಏನು, ಇಸ್ಕೂಲು ಶುರು ಆತೇನು?”

“ಆತು. ನೀನೂ ಬಂದು ಸೇರ್ಕೋ,” ಎಂದರು ಗೀತಮ್ಮ.

ನಾನು ಹದಿನೇಳು ಗಂಟುಗಳನ್ನೂ ಕಾರ್ಡಿನಲ್ಲಿ ಮೊದಲಿದ್ದ ಜಾಗಕ್ಕೆ ಸೇರಿಸಿ, ಉಳಿಸುವ ಆಜ್ಞೆಯನ್ನೂ ಬರೆದೆ. ಸಂಜೆ ಗೀತಮ್ಮ ತಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಇಪ್ಪತ್ತೊಂದು ಉಳಿದಿದ್ದವು. ಬಾಗಿಲ ಹತ್ತಿರದ ಮೂರು ತಟ್ಟೆಯ ಹುಳುಗಳು ಸೊಪ್ಪು ಹಿಡಿಯಲಿಲ್ಲ. ಆ ಮೂರನ್ನು ಅವರು ಉಳಿದವುಗಳ ಜೊತೆ ಬೆರೆಸಲಿಲ್ಲ. ಬೆರೆಸಿದ್ದರೆ ರೈತರಿಗೆ ತಿಂಗಳ ತನಕ ಗೊತ್ತಾಗುತ್ತಿರಲಿಲ್ಲ. ಹೊರಗೆ ಒಯ್ದು ಸುಟ್ಟರು. ಅದರಲ್ಲಿ ಒಂದು ಬೊಮ್ಮಪ್ಪ ತಾತನ ಪಾಲಿನದು.

“ನಿಂದೊಂದು ತಟ್ಟಿ ಹೋತಣ್ಣ. ನಮ್ಮ ಕೈಯಾಗ ತಪ್ಪಾಗೈತಿ. ಮುಂದಿನ ಬೆಳ್ಯಾಗ ನಿನಗ ಮೊದಲು,” ಎಂದರು. ನಮ್ಮ ಕೈಯಲ್ಲಿ ಎಂದರು. ನನ್ನ ಹೆಸರು ತೆಗೆಯಲಿಲ್ಲ.

ತಾತ ಹೋದ ಮೇಲೆ ನನಗೆ ಮಾತ್ರ ಹೇಳಿದರು: “ಅಳಿಸಿದ್ದಕ್ಕ ನನಗ ಸಿಟ್ಟಿಲ್ಲ. ತೊಳಿ ಅಂತ ಕಲಿಸಿದಾಕಿ ನಾನೇ. ಮುಂಜಾನಿಯಿಂದ ಗೊತ್ತಿದ್ದೂ ಹೇಳ್ಲಿಲ್ಲಲ್ಲ, ಅದಕ್ಕೈತಿ.” ಆ ಸಿಟ್ಟು ಎರಡು ದಿನ ಇತ್ತು. ಎರಡು ದಿನ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಮೂರನೇ ದಿನ ಯಂತ್ರದ ಮುಂದೆ ಕುಳಿತು, ಕಾರ್ಡಿನಲ್ಲಿ ಆ ಹದಿನೇಳು ಎಲ್ಲಿವೆ ತೋರಿಸು ಎಂದರು. ತೋರಿಸಿದೆ. ಓದು ಬರದಿದ್ದರೂ ಪರದೆಯ ಮೇಲೆ ಬೆರಳಿಟ್ಟು ಸಾಲುಗಳನ್ನು ಎಣಿಸಿದರು. ಈಗ ದಿನಾ ಬೆಳಿಗ್ಗೆ ತಟ್ಟೆ ನೋಡುವ ಮುಂಚೆ ಅವನ್ನು ಎಣಿಸುತ್ತಾರೆ.

ಈ ಬೆಳೆಯ ಹುಳುಗಳು ನಾಳೆ ರೈತರ ಮನೆ ಸೇರುತ್ತವೆ. ನಾಡಿದ್ದು ಕೋಣೆ ಖಾಲಿ ಇರುವಾಗ ನಾನು ನೆಟ್ ಬಂದ್ ಮಾಡಿ, ಬೇಕೆಂದೇ ಕರೆಂಟ್ ತೆಗೆದು ಹಾಕಿ, ಯಂತ್ರ ತಾನಾಗಿ ಏಳುತ್ತದೋ ಇಲ್ಲವೋ ನೋಡುತ್ತೇನೆ. ಏನಾಯಿತೆಂದು ಆ ಕೂಡಲೇ ಗೀತಮ್ಮನವರಿಗೆ ಹೇಳುತ್ತೇನೆ.