ಅಪ್ಪ ಬಿಗಿದು ಮುಚ್ಚಿದ ಮಾಡು

ನನ್ನ ಅಪ್ಪ ಮನೆಗಳಿಗೆ ಮರದ ಮಾಡು ಕಟ್ಟುವ ಬಡಗಿ. ನಲವತ್ತು ವರ್ಷದಲ್ಲಿ ಇರುವೆ ನುಸುಳುವಷ್ಟೂ ಸಂದು ಬಿಟ್ಟವನಲ್ಲ ಎಂಬುದು ಅವನ ಜಂಬ. ಜನ ‘ಬಿಗಿ ಮೇಸ್ತ್ರಿ’ ಎಂದರೆ ಉಬ್ಬಿಹೋಗುತ್ತಿದ್ದ. ಹದಿನಾರು ವರ್ಷ ಅವನ ಜೊತೆ ದುಡಿದ ನನಗೆ ಆ ಜಂಬದ ಕಾಟ ಚೆನ್ನಾಗಿ ಗೊತ್ತು.

ಅತ್ತೆಯ, ಅಂದರೆ ಅವನ ತಂಗಿಯ, ಮನೆಗೂ ಮಾಡು ಹಾಕಿದ್ದು ಅವನೇ. ಅಟ್ಟವಿಲ್ಲ, ಮೇಲೆ ಮಾಡಿನ ಹಲಗೆ, ಅದರ ಇಳಿಜಾರಿನಲ್ಲೇ ಕೆಳಗೆ ಕೋಣೆಯೊಳಗಿಂದ ಕಾಣುವ ಹಲಗೆಯ ಚಾವಣಿ. ಎರಡರ ನಡುವೆ ಶಾಖ ತಡೆಯುವ ಹತ್ತಿಯಂಥ ಹಾಸನ್ನು ಬೆರಳು ತೂರದಂತೆ ತುರುಕಿದ್ದ. ಮೂರನೇ ವರ್ಷ ಚಾವಣಿಯಲ್ಲಿ ಕಂದು ಕಲೆ ಎದ್ದಿತು. ಸೋರುತ್ತಿದೆ ಎಂದು ಅಪ್ಪ ಮಾಡಿನ ನೆತ್ತಿಯುದ್ದಕ್ಕೂ ಟಾರು ಬಳಿದ. ಕಲೆ ಹರಡಿತು. ಮತ್ತೆ ಬಳಿದ. ಮಳೆಯಿಲ್ಲದ ತಿಂಗಳಲ್ಲೂ ಹನಿ ಬೀಳತೊಡಗಿತು. ಒಳಗಿನ ಹಬೆ ಮೇಲೇರಿ, ತಣ್ಣನೆಯ ಮಾಡಿಗೆ ತಾಗಿ ನೀರಾಗುತ್ತಿದೆ, ಕೆಳಗಿನ ಅಂಚಿನಿಂದ ನೆತ್ತಿಯವರೆಗೆ ಗಾಳಿಗೆ ದಾರಿ ಬಿಡಬೇಕು ಎಂದು ನಾನು ಬಡಕೊಂಡೆ. ಕಿವಿಗೇ ಹಾಕಿಕೊಳ್ಳಲಿಲ್ಲ.

ಆ ಚಾವಣಿಯ ಕೆಳಗೆ, ಸೊಂಟ ಮುರಿದ ಮಾವ ಎರಡು ವರ್ಷದಿಂದ ಮಲಗಿದ್ದರು. ಅವರಿಗೆ ನೀರು ಕಾಯಿಸುವ ಒಲೆಯೂ ಅದೇ ಕೋಣೆಯಲ್ಲಿತ್ತು.

ಒಂದು ಬೆಳಿಗ್ಗೆ ಅತ್ತೆ ಫೋನ್ ಮಾಡಿದಳು. ನಾವು ಓಡಿಹೋದಾಗ ಚಾವಣಿಯ ಹಲಗೆ ಮಾವನ ಎದೆಯ ನೇರಕ್ಕೆ ಗೇಣುದ್ದ ಜೋತುಬಿದ್ದಿತ್ತು. ಮೊಳೆಗಳು ಒಂದೊಂದಾಗಿ ಕಿರುಗುಟ್ಟುತ್ತಿದ್ದವು. ಅಪ್ಪನೋ, ಟಾರಿನ ಡಬ್ಬ ಹಿಡಿದು ಏಣಿ ಹತ್ತಲು ಹೊರಟ. ನನಗೆ ಮೈಯೆಲ್ಲ ಉರಿದುಹೋಯಿತು. ಅಡ್ಡ ನಿಂತೆ.

“ನೀನು ಮೇಲೆ ಕಾಲಿಟ್ರೆ ಎಲ್ಲಾ ಮಾವನ ಮೇಲೆ ಬೀಳತ್ತಪ್ಪ. ಮೊದಲು ಅವರನ್ನ ಈಚೆ ತರೋಣ.”

ಅವನು ನನ್ನನ್ನು ದುರುಗುಟ್ಟಿ ನೋಡಿದ. ಆಮೇಲೆ ಡಬ್ಬ ಕೆಳಗಿಟ್ಟ. ಮೂವರೂ ಸೇರಿ ಮಾವನನ್ನು ಕಂಬಳಿ ಸಮೇತ ಎತ್ತಿದೆವು. ಅವರು ನೋವಿಗೆ ಹಲ್ಲು ಕಚ್ಚಿದ್ದರು, ನಾನು ಭಯಕ್ಕೆ. ಹೊಸ್ತಿಲು ದಾಟಿದ್ದೇ ತಡ, ಚಾವಣಿ ನೀರು ಕುಡಿದ ಹಾಸಿನ ಸಮೇತ ಖಾಲಿ ಮಂಚದ ಮೇಲೆ ಕುಸಿಯಿತು.

ಧೂಳು ಅಡಗಿದ ಮೇಲೆ ಅಪ್ಪ, ಜೊತೆಗೇ ಮುರಿದು ಬಿದ್ದಿದ್ದ ಮಾಡಿನ ಹಲಗೆಯ ಚೂರೊಂದನ್ನು ಎತ್ತಿಕೊಂಡ. ಟಾರು ಬಳಿದ ಹೊರಮೈ ಒಣಗಿತ್ತು. ಒಳಮೈ ಕಪ್ಪಗೆ ಕೊಳೆತು, ಅವನ ಬೆರಳಲ್ಲೇ ಪುಡಿಯಾಯಿತು. ಮಳೆಗೆ ಯಾರೇನು ಮಾಡಲಾಗುತ್ತದೆ ಎಂದು ಅತ್ತೆ ಸಮಾಧಾನ ಹೇಳಿದಳು.

“ಮಳೆ ಅಲ್ಲ ಕಣಮ್ಮ. ನಾನೇ ಮಾಡಿನ ಉಸಿರು ಕಟ್ಟಿಸಿದ್ದು,” ಎಂದ ಅಪ್ಪ. ಅವನ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ನನ್ನ ಕಣ್ಣು ತುಂಬಿತು.

ಹೀಗೇ ಮುಚ್ಚಿದ ಮಾಡು ಇನ್ನೆಷ್ಟಿವೆ ಎಂದು ನನ್ನನ್ನು ಕೇಳಿದ. ಒಂಬತ್ತು ಎಂದೆ. ಒಂದೊಂದನ್ನೇ ಹೆಸರಿಸುತ್ತಾ ಹೋದಂತೆ ಇಬ್ಬರಿಗೂ ಒಟ್ಟಿಗೇ ನೆನಪಾಯಿತು: ಎರಡು ಬೀದಿ ಆಚೆಗಿನ ಶಿಶುವಿಹಾರ. ಗಂಟೆ ಹತ್ತಾಗಿತ್ತು. ಮಕ್ಕಳು ಬಂದು ಕೂತಿರುತ್ತಾರೆ.

ಅಪ್ಪ ಬರಿಗಾಲಲ್ಲೇ ಓಡಿದ.